ಈರಕ್ಕತ್ತೆಯ ಉಪ್ಪಿನ ಗಂಟು

ನಮ್ಮ ಈರಕ್ಕತ್ತೆ ಕೂತಲ್ಲಿ ನಿಂತಲ್ಲಿ ಬಲಗೈಯನ್ನು ಸೊಂಟಕ್ಕೆ ಒಯ್ಯುತ್ತಿದ್ದಳು. ಕಂಡವರು ಪಾಪ, ಮುದುಕಿಗೆ ಸೊಂಟ ನೋವು ಅಂದುಕೊಳ್ಳಬೇಕು. ನೋವೂ ಇಲ್ಲ, ಏನೂ ಇಲ್ಲ. ಸೀರೆಯ ಮಡಿಲೊಳಗೆ ಒಂದು ಕರೀ ಬಟ್ಟೆಯ ಗಂಟಿತ್ತು, ಗಂಟಿನೊಳಗೆ ಉಪ್ಪಿತ್ತು. ಬೇರೆ ಹೆಂಗಸರು ಎಲೆಯಡಿಕೆ ಚೀಲ ಮುಟ್ಟಿ ನೋಡಿಕೊಳ್ಳುವ ಹಾಗೆ ಅವಳು ಆ ಗಂಟನ್ನು ಮುಟ್ಟಿ ನೋಡಿಕೊಳ್ಳುವಳು. ಇದ್ದರೆ ಮುಖದ ಮೇಲೆ ಒಂದು ಠೀವಿ. ಅದೇ ಠೀವಿಯಲ್ಲಿ ಹಗೆಯವರ ಊರಿನ ಚಾವಡಿ ಮುಂದೆ ನಿಂತು, ಅವರ ರೆಡ್ಡಿಯನ್ನು, ಅಂದರೆ ಅವರೂರ ಗೌಡನನ್ನು, ಅವನ ಮುತ್ತಜ್ಜನಿಂದ ಹಿಡಿದು ಬೈದು ಬರುತ್ತಿದ್ದಳು. ಬೈಯುವುದು ಅವಳ ಕೆಲಸ. ಅವಳು ನಮ್ಮೂರಿನ ರಾಯಭಾರಿ.

ನಗಬೇಡಿ. ಬೆಂಗಳೂರಿನಲ್ಲಿ ಬಿಳೀ ದೊರೆಗಳ ರೆಸಿಡೆಂಟ್ ಅಂತ ಒಬ್ಬ ಇರುತ್ತಾನಂತೆ, ಅವರ ಮಾತು ನಮ್ಮ ಮಹಾರಾಜರಿಗೆ, ಮಹಾರಾಜರ ಮಾತು ಅವರಿಗೆ ಮುಟ್ಟಿಸುವುದಕ್ಕೆ. ಅವನಿಗೆ ಅರಮನೆಯಂಥ ಬಂಗಲೆಯಂತೆ, ಬಾಗಿಲಲ್ಲಿ ಕಾವಲಂತೆ. ನಾನು ಕಂಡಿಲ್ಲ. ನನ್ನ ಓದು ಕೂಲಿಮಠದ ಮರಳಿನ ಮೇಲೆ ಬರೆದು ಅಲ್ಲೇ ಅಳಿಸಿ ಮುಗಿದದ್ದು. ಆದರೆ ನಮ್ಮ ಕರೇಬಂಡೆಗೂ ಅಂಥದೇ ಏರ್ಪಾಡಿತ್ತು. ಬಂಗಲೆಯ ಬದಲು ಹುಲ್ಲು ಹೊದಿಸಿದ ಗುಡಿಸಿಲು, ಕಾವಲಿನವನ ಬದಲು ನಮ್ಮ ಸೋದರತ್ತೆಯ ಬಾಯಿ.

ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಅವತ್ತಿನಿಂದ ನನ್ನ ಬಾಯಿ ಮುಚ್ಚಿಲ್ಲ. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ಬೆಲ್ಲ ಕೊಡುತ್ತಿದ್ದೇನೆ, ಬೆಲ್ಲದ ಜತೆ ಅತ್ತೆಯ ಕಥೆಯನ್ನೂ ಕೊಡುತ್ತಿದ್ದೇನೆ. ದೂರದಲ್ಲಿರುವ ನಿಮಗೆ ಬೆಲ್ಲ ಸಿಗದಿದ್ದರೂ ಕಥೆಯಾದರೂ ಸಿಗಲಿ ಅಂತ ಕೂತಿದ್ದೇನೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರಿಗೆ ಗೊತ್ತು. ದಾರಿಯಲ್ಲಿ ಮೈಸೂರು ಸೀಮೆ ಮುಗಿದು ಕಂಪ್ನಿ ಸೀಮೆ ಬರುತ್ತದೆ, ಅದು ಮುಗಿದು ಮತ್ತೆ ಮೈಸೂರು. ಗಡಿಯ ಈಚೆ ನಮ್ಮ ಕರೇಬಂಡೆ, ಆಚೆ ಯರ್ರಗುಟ್ಟ. ನಡುವೆ ಒಂದು ಹಳ್ಳ, ಹಳ್ಳದ ದಡದಲ್ಲಿ ಗಡಿಕಲ್ಲು. ಅವರು ಮೇಲುಗಡೆ ಹಳ್ಳಕ್ಕೆ ಅಡ್ಡಗಟ್ಟೆ ಹಾಕಿದರು, ನಮ್ಮವರು ಹೋಗಿ ಕಿತ್ತರು. ಅವತ್ತು ಎರಡೂ ಕಡೆ ಹೆಣ ಬಿದ್ದವು. ಇದು ನಮ್ಮ ತಾತನಿಗಿಂತ ಹಿಂದಿನ ಮಾತು. ಆಗ ಹಿರಿಯರು ಆಣೆ ಹಾಕಿದರು: ಹೆಣ್ಣು ಕೊಡಕೂಡದು, ತರಕೂಡದು, ಬೆಂಕಿ ನೀರು ಬಳಸಕೂಡದು, ಒಬ್ಬರ ಎಲ್ಲೆಯನ್ನು ಇನ್ನೊಬ್ಬರು ತುಳಿಯಕೂಡದು.

ಆಣೆ ಮನುಷ್ಯರಿಗೆ ಸರಿ. ಕುರಿಗೆ ಆಣೆ ಗೊತ್ತೇನು? ನಮ್ಮ ಕುರಿ ಆಚೆ ನುಗ್ಗುವವು, ಅವರ ಎಮ್ಮೆ ಈಚೆ ಬರುವವು. ಪೊಲೀಸರೋ, ಈ ಕಡೆಯವರು ಗಡಿಕಲ್ಲಿನ ತನಕ ಬಂದು ಮೀಸೆ ತಿರುವಿಕೊಂಡು ನಿಲ್ಲುವರು, ಆ ಕಡೆಯವರೂ ಹಂಗೇ. ಕೊನೆಗೆ ಎರಡೂ ಊರಿನವರು ಒಂದೊಂದು ಮನೆ ಬಿಟ್ಟುಕೊಟ್ಟರು. ಯರ್ರಗುಟ್ಟದಲ್ಲಿ ನಮ್ಮ ರಾಯಭಾರದ ಮನೆ, ಕರೇಬಂಡೆಯಲ್ಲಿ ಅವರದು. ನಮ್ಮ ಮನೆಯ ನೆಲಕ್ಕೆ ನಮ್ಮೂರ ಕರೀ ಮಣ್ಣನ್ನು ಹೊತ್ತು ತಂದು ಮೆತ್ತಬೇಕು. ಅವರ ಮನೆಗೆ ಅವರ ಕೆಮ್ಮಣ್ಣು. ಹೊಸಿಲಿನ ಒಳಗಿದ್ದರೆ ನಿಮ್ಮ ಊರಲ್ಲೇ ಇದ್ದಂತೆ, ಯಾರೂ ಮೈ ಮುಟ್ಟುವ ಹಾಗಿಲ್ಲ.

ರಾಯಭಾರಿಗೆ ಕಟ್ಟಳೆ ಎರಡೇ. ಹೇಳಿಕಳಿಸಿದ ಮಾತಿಗೆ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಮತ್ತೆ, ಆ ಊರಿನ ಉಪ್ಪು ತಿನ್ನುವಂತಿಲ್ಲ. ಉಪ್ಪು ತಿಂದ ಬಾಯಿ ಉಣಿಸಿದವರನ್ನು ಬೈಯಲಾರದಲ್ಲ, ಅದಕ್ಕೆ.

ನಮ್ಮ ಮೊದಲ ರಾಯಭಾರಿ ಕಾಟಪ್ಪ. ಕಲ್ಲೇಟು ತಿಂದು ತಿಂದು ತಲೆ ಕುಂಬಾರರ ಸೊಟ್ಟ ಮಡಕೆಯಂತಾಗಿತ್ತಂತೆ. ಆಮೇಲೆ ದಾಸಪ್ಪ. ಒಂದು ಬೇಸಿಗೆಯಲ್ಲಿ ಯಾರದೋ ಮನೆಯಲ್ಲಿ ಮಜ್ಜಿಗೆ ಕುಡಿದ. ಕುಡಿದು ಮೀಸೆ ಒರೆಸಿಕೊಂಡ ಮೇಲೆ ಗೊತ್ತಾಯಿತು, ಮಜ್ಜಿಗೆಗೆ ಉಪ್ಪು ಬಿದ್ದಿತ್ತು! ಮುಗಿಯಿತು ಅವನ ಕಥೆ. ಊರಿಗೆ ಮುಖ ತೋರಿಸಲಾರದೆ ಅಲ್ಲೇ ಉಳಿದ. ಅವನ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಲೇ ಇದ್ದಾರೆ, ಮಜ್ಜಿಗೆಯವರು ಅಂತಲೇ ಹೆಸರು. ಮೂರನೆಯವನು ಈರಕ್ಕತ್ತೆಯ ಗಂಡ ಬೊಮ್ಮಣ್ಣ. ಚಳಿಜ್ವರ ಬಂದು ಆ ಗುಡಿಸಿಲಲ್ಲೇ ತೀರಿಕೊಂಡ.

ಮುಂದೆ ಯಾರು ಹೋಗಬೇಕು ಅಂತ ಚಾವಡಿಯಲ್ಲಿ ಗೌಡರು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಡೆ ನೋಡಿದರಂತೆ. ಒಬ್ಬನಿಗೆ ಹೊಲ, ಒಬ್ಬನಿಗೆ ಹೆಂಡತಿ, ಒಬ್ಬನಿಗೆ ಹೊಟ್ಟೆನೋವು. ಅತ್ತೆ ಹೆಂಗಸರ ಮರೆಯಿಂದ ಎದ್ದು ಬಂದಳು.

"ಥೂ! ನಿಮ್ಗೆ ಮೀಸೆ ಇರೋದು ಮಜ್ಜಿಗೆ ಸೋಸೋಕೆ ಕಣ್ರೋ. ನಾನೋಗ್ತೀನಿ."

"ಹೆಂಗ್ಸು ಹೋದ್ರೆ ಊರಿನ ಮರ್ವಾದೆ ಏನಾಗಬೇಕು?" ಅಂದರು ಗೌಡರು.

"ನನ್ ಗಂಡನ ಕಡೇರು ಚನ್ನರಾಯನದುರ್ಗದ ಕೋಟೆ ಬಾಗ್ಲು ಕಾದೋರು. ನಾನು ಒಂದು ಗುಡಿಸ್ಲು ಹೊಸ್ಲು ಕಾಯಕಿಲ್ವಾ? ಉಪ್ಪು ಕಟ್ಟಿ ಕೊಡಿ."

ಗೌಡರು ಕೈಯಾರೆ ಉಪ್ಪು ಕಟ್ಟಿ ಕೊಟ್ಟರು. ಆ ಗಂಟೇ ನಾನು ಮೊದಲು ಹೇಳಿದ್ದು.

ಅವಳ ರಾಯಭಾರದ ಒಂದು ಪ್ರಸಂಗ ಹೇಳುತ್ತೇನೆ, ನಗದೆ ಕೇಳಿ. ನಮ್ಮ ಗೌಡರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಎಮ್ಮೆಗಳು ನಮ್ಮ ನವಣೆ ಹೊಲ ಮೇಯ್ದಿದ್ದಕ್ಕೆ, ರೆಡ್ಡಿಯ ವಂಶದ ಹೆಂಗಸರು ಗಂಡಸರು ಯಾರನ್ನೂ ಬಿಡದೆ ಬೈದು ಹೇಳಿಕಳಿಸಿದರು. ಅತ್ತೆ ಹೋಗಿ, ಯರ್ರಗುಟ್ಟದ ಚಾವಡಿಯಲ್ಲಿ ಅಷ್ಟನ್ನೂ ತೆಲುಗಿನಲ್ಲಿ ಹೇಳಿದಳು. ಹೇಳಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇಷ್ಟು ನಮ್ಮೂರ ಮಾತು. ಇದು ನನ್ ಮಾತು: ನಿನ್ನ ಎಡಗಣ್ಣು ಕೆಂಪಾಗೈತೆ ರೆಡ್ಡಿ, ನಂದಿಬಟ್ಲು ಹೂವಿನ ನೀರು ಬುಟ್ಕೋ" ಅಂದಳಂತೆ. ರೆಡ್ಡಿ ಹಲ್ಲು ಕಡಿದು, ಕಾಲಿನ ಚಪ್ಪಲಿ ಕಳಚಿ ಅವಳತ್ತ ಬೀಸಿ ಒಗೆದ. "ಇದೇ ಜವಾಬು, ಪೋ!"

ಅತ್ತೆ ಆ ಚಪ್ಪಲಿಯನ್ನು ಮೊರದಲ್ಲಿಟ್ಟುಕೊಂಡು ಹಳ್ಳ ದಾಟಿ ಬಂದಳು. ಗೌಡರು ಜಗುಲಿ ಮೇಲೆ ಕೂತಿದ್ದರು. "ಏನಂದ ಅವ್ನು?" ಅಂತ ಇನ್ನೂ ಕೇಳುತ್ತಿದ್ದಾರೆ, ಅತ್ತೆ ಚಪ್ಪಲಿ ತೆಗೆದು ಬೀಸಿ ಒಗೆದಳು. ಗೌಡರ ರುಮಾಲು ಹಾರಿ ದನದ ಗೋದಲಿಗೆ ಬಿತ್ತು.

"ಲೇ ಈರೀ!"

"ನಾನಲ್ಲ ಗೌಡ, ರೆಡ್ಡಿ. ಹೆಂಗ್ ಬಂತೋ ಹಂಗೆ ಮುಟ್ಟಿಸ್ದೆ. ಕೂಡಿಸಿಲ್ಲ, ಕಳ್ದಿಲ್ಲ."

ಮಾರನೇ ದಿನ ರೆಡ್ಡಿಯಿಂದ ಮಾತು ಬಂತು: ಚಪ್ಪಲಿ ವಾಪಸ್ಸು ಕಳಿಸಬೇಕು. ಕಳಿಸುವುದಿಲ್ಲ ಅಂತ ನಮ್ಮವರು. ಬಹಳ ಕಾಲ ಆ ರೆಡ್ಡಿ ಹೊಸ ಜೋಡು ಹೊಲಿಸದೆ ಹಠಕ್ಕೆ ಒಂದೇ ಚಪ್ಪಲಿಯಲ್ಲಿ ತಿರುಗಿದ. ಸಿರಾ ಸಂತೆಗೂ ಹಂಗೇ ಹೋಗುತ್ತಿದ್ದ. ಹಗೆ ಅಂದರೆ ಅಂಥ ಹಗೆ!

"ಅತ್ತೆ, ನೀನು ಮಾತನ್ನ ಒಂದಿಷ್ಟು ಮೆತ್ತಗೆ ಮಾಡಿ ಹೇಳಬಾರದಾ? ಜಗಳಾನಾದ್ರೂ ಕಮ್ಮಿ ಆದಾತು," ಅಂತ ನಾನೊಮ್ಮೆ ಕೇಳಿದೆ.

"ತಿದ್ದಿ ಹೇಳಿದ್ರೆ ಅದು ನನ್ ಮಾತಾಗ್ತದೆ ಕಣ್ಲಾ ಗಿರಿಯಾ. ನನ್ ಮಾತಿಗೆ ಯಾವೂರಾಗೆ ಬೆಲೆ ಐತೆ? ತಿದ್ದಕಿಲ್ಲ ಅಂತಾನೇ ಅಲ್ವಾ ಎಲ್ರೂ ಕಿವಿ ಕೊಡೋದು."

ಈಗ ನನ್ನ ಪ್ರಾಣದ ಕಥೆಗೆ ಬರುತ್ತೇನೆ. ಆಗ ನನಗೆ ಮದುವೆಯಾಗಿತ್ತು, ಮೈಯಲ್ಲಿ ಕಸುವಿತ್ತು. ಮೊದಲ ಮಳೆಗೆ ಹಳ್ಳ ಬಂದು ಯರ್ರಗುಟ್ಟದವರು ಮತ್ತೆ ಕಟ್ಟಿಕೊಂಡಿದ್ದ ಅಡ್ಡಗಟ್ಟೆಯನ್ನು ಕೊಚ್ಚಿಕೊಂಡು ಹೋಗಿತ್ತು. ಬೆಳಗ್ಗೆ ನನ್ನ ಕುರಿಗಳು ಹೊಸ ಚಿಗುರಿನ ವಾಸನೆ ಹಿಡಿದು ಆಚೆ ನುಗ್ಗಿದವು. ತಿರುಗಿಸಲು ಹಿಂದೆ ಹೋದೆ. ಒಡೆದ ಕಟ್ಟೆಯ ಪಕ್ಕ ಕರೇಬಂಡೆಯವನು ಕೋಲು ಹಿಡಿದು ನಿಂತರೆ ಕಂಡವರು ಏನು ತಿಳಿಯಬೇಕು? "ಕಟ್ಟ ತೆಂಚಿನೋಡು ಈಡೇ!" ಅಂತ ಕೂಗೆದ್ದಿತು. ಕಟ್ಟೆ ಕಿತ್ತವನು ಇವನೇ ಅಂತ. ಊರೇ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂತು. ನಮ್ಮೂರಿನ ಕಡೆ ಓಡುವ ದಾರಿಯಲ್ಲೇ ಅವರಿದ್ದರು. ಉಳಿದದ್ದು ಒಂದೇ ದಾರಿ. ಅವರ ಊರೊಳಕ್ಕೇ ಓಡಿ, ರಾಯಭಾರದ ಮನೆ ಹೊಕ್ಕು, ಕರೀ ಮಣ್ಣಿನ ಮೇಲೆ ಬೋರಲು ಬಿದ್ದೆ.

ಅತ್ತೆ ರಾಗಿ ಬೀಸುತ್ತಿದ್ದಳು. ಏನು ಎತ್ತ ಕೇಳಲಿಲ್ಲ. ಎದ್ದು ಹೊಸಿಲಲ್ಲಿ ನಿಂತಳು.

"ಇತ್ಲಾಗೆ ಕಾಲಿಕ್ಕಿ ನೋಡಾಣ! ಇದು ಕರೇಬಂಡೆ ಮಣ್ಣು. ನಿಮ್ ಮುತ್ತಾತ್ಗಳು ಆಣೆ ಹಾಕ್ಸಿರೋ ಮಣ್ಣು. ಗಂಡಾಗಿದ್ರೆ ತುಳೀರಿ!"

ಯಾರೂ ತುಳಿಯಲಿಲ್ಲ. ಆದರೆ ಯಾರೂ ಕದಲಲೂ ಇಲ್ಲ. ಅಂಗಳದ ಸುತ್ತ ಕೂತರು. ಮನೆಯೊಳಕ್ಕೆ ಬರಕೂಡದು ಅಂತ ಆಣೆಯೇ ಹೊರತು ನೀರು ತರಲು ಬಿಡಬೇಕು ಅಂತ ಆಣೆಯಿಲ್ಲವಲ್ಲ. "ಕೈ ಎರಡೂ ಮುರಿದು ಕಳಿಸ್ತೀವಿ, ಜೀವ ಬಿಡ್ತೀವಿ, ಆಚೆ ಕಳ್ಸು," ಅಂತ ರೆಡ್ಡಿ ಕೂಗಿದ. ಕೈ ಮುರಿದ ಕುರುಬ ಇದ್ದರೆಷ್ಟು ಸತ್ತರೆಷ್ಟು? ಗಡಿಗೆಯ ನೀರು ಆ ಸಂಜೆಗೇ ಮುಗಿಯಿತು. ಮಾರನೇ ದಿನ ಮಧ್ಯಾಹ್ನದ ಬಿಸಿಲಿಗೆ ನನ್ನ ನಾಲಿಗೆ ದಪ್ಪವಾಗಿ ಮಾತು ನಿಂತುಹೋಯಿತು. ಅತ್ತೆ ಒದ್ದೆ ಬಟ್ಟೆ ಹಿಂಡಿ ತುಟಿಗೆ ಮುಟ್ಟಿಸುತ್ತಿದ್ದಳು. ಕೊನೆಗೆ ಬಟ್ಟೆಯೂ ಒಣಗಿತು.

ಆಗ ರೆಡ್ಡಿ ಎದ್ದು ಬಂದ. ಅಂಗೈಯಲ್ಲಿ ಉಪ್ಪು.

"ಈರಕ್ಕಾ, ಮಾ ಉಪ್ಪು ತಿನು. ವಾಣ್ಣಿ ಇಡ್ಸಿಪೆಡ್ತಾ."

ನಮ್ಮ ಉಪ್ಪು ತಿನ್ನು, ಅವನನ್ನು ಬಿಡುತ್ತೇನೆ ಅಂತ. ಅವನ ಲೆಕ್ಕಾಚಾರ ಅವಳಿಗೆ ಗೊತ್ತಿತ್ತು. ತಿಂದರೆ ಆ ಬಾಯಿ ಯರ್ರಗುಟ್ಟದ್ದಾಗುತ್ತದೆ, ಕರೇಬಂಡೆ ಬಾಯಿಲ್ಲದ ಊರಾಗುತ್ತದೆ. ಅವಳು ಮತ್ತೆ ತನ್ನ ಮನೆಯ ಒಲೆ ಹಚ್ಚುವಂತಿಲ್ಲ, ನಮ್ಮ ಪಂಕ್ತಿಯಲ್ಲಿ ಕೂರುವಂತಿಲ್ಲ.

ಅತ್ತೆ ಅವನ ಕೈಯನ್ನು ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಮಡಿಲಿನ ಗಂಟು ತೆಗೆದು ನನ್ನ ಎದೆಯ ಮೇಲಿಟ್ಟಳು. "ಇದನ್ನ ಗೌಡನ ಕೈಗೇ ಕೊಡು. ಒಂದು ಹಳ್ಳೂ ಚೆಲ್ಲಬ್ಯಾಡ," ಅಂದಳು. ಆಮೇಲೆ ಹೊಸಿಲು ದಾಟಿ ಅಂಗಳಕ್ಕಿಳಿದು, ಎಲ್ಲರ ಎದುರಿಗೆ ಆ ಉಪ್ಪನ್ನು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಲಿಲ್ಲ.

"ಉಪ್ಪು ಅದೇ ಐತೆ ರೆಡ್ಡಿ. ಕೈ ನಿಂದು, ಅದ್ಕೇ ಕಹಿ."

ಅವರು ದಾರಿ ಬಿಟ್ಟರು. ನಾನು ಗಂಟನ್ನು ಅವುಚಿಕೊಂಡು ಹಳ್ಳದಲ್ಲಿ ತೆವಳಿ, ನೀರು ಕುಡಿದು, ಊರು ಸೇರಿದೆ. ನಡೆದದ್ದೆಲ್ಲ ಹೇಳಿದೆ. ಗೌಡರು ಗಂಟನ್ನು ತೆಗೆದುಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಅವರ ಮುಖ ಬಂಡೆಯಾಗಿತ್ತು. "ಅವ್ಳ ಮನೆಗೆ ಮುಳ್ಳು ಹಾಕ್ರೋ," ಅಂದರು. "ನನ್ನ ಉಳ್ಸಾಕೆ ತಿಂದಳು ಗೌಡ್ರೇ!" ಅಂತ ನಾನು ಕಾಲಿಗೆ ಬಿದ್ದೆ. "ಯಾತಕ್ಕೆ ತಿಂದಳು ಅಂತ ಉಪ್ಪಿಗೆ ಗೊತ್ತಾಗಕಿಲ್ಲ," ಅಂದರು. ಅವಳ ಬಾಗಿಲಿಗೆ ಜಾಲಿಮುಳ್ಳು ಬಿತ್ತು, ಊರಿಗೆ ಅವಳು ಹೊರಗಾದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಮ್ಮತ್ತೆಯ ವಿಷಯ ನಿಮಗೆ ಗೊತ್ತಿಲ್ಲ!

ಆ ಸುಗ್ಗಿ ಕಳೆಯುವುದರೊಳಗೆ ನಮ್ಮೂರಿನಲ್ಲಿದ್ದ ಯರ್ರಗುಟ್ಟದ ರಾಯಭಾರಿಯನ್ನು ರೆಡ್ಡಿ ವಾಪಸ್ಸು ಕರೆಸಿಕೊಂಡ. ಅವನ ಜಾಗಕ್ಕೆ ಯಾರು ಬರುತ್ತಾರೋ ಅಂತ ನಾವೆಲ್ಲ ಚಾವಡಿಯಲ್ಲಿ ಕಾದಿದ್ದರೆ, ತಲೆಯ ಮೇಲೆ ಕೆಮ್ಮಣ್ಣಿನ ಪುಟ್ಟಿ ಹೊತ್ತು, ಮಡಿಲಲ್ಲಿ ಬೇರೊಂದು ಗಂಟು ಕಟ್ಟಿಕೊಂಡು, ಈರಕ್ಕತ್ತೆ ಬಂದಳು.

"ಯರ್ರಗುಟ್ಟದ ರಾಯಭಾರಿ ಬಂದಿದ್ದೀನಿ. ನನ್ನ ಮನೆ ಬುಟ್ಕೊಡಿ."

"ನಾಚ್ಕೆ ಮಾನ ಐತೇನೇ ನಿಂಗೆ?" ಅಂದರು ಗೌಡರು.

"ಐತೆ. ನನ್ ಬಾಗ್ಲಿಗೆ ಹಾಕಿರೋ ಮುಳ್ಳಿನ ಹಿಂದೆ ಬುಟ್ಟು ಬಂದಿದ್ದೀನಿ. ಈಗ ನಮ್ ರೆಡ್ಡಿ ಮಾತು ಕೇಳು."

ನಮ್ ರೆಡ್ಡಿ! ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ. ಹೆಂಗಸರು ಕಿವಿ ಮುಚ್ಚಿಕೊಂಡು ಮಕ್ಕಳನ್ನು ಎಳೆದುಕೊಂಡು ಹೋದರು. ಒಂದಂತೂ ಸತ್ಯ, ಅವಳು ಕೂಡಿಸಲಿಲ್ಲ, ಕಳೆಯಲಿಲ್ಲ.

ಹೀಗೆ ಅತ್ತೆ ತನ್ನ ಊರಿನಲ್ಲೇ ಪರದೇಶಿಯಾಗಿ ವರ್ಷಗಟ್ಟಲೆ ಇದ್ದಳು. ಕೆಮ್ಮಣ್ಣಿನ ಆ ಮನೆಯ ಹೊಸಿಲಲ್ಲಿ ಕೂತರೆ ಎದುರಿಗೇ ಮುಳ್ಳು ಹಾಕಿದ ಅವಳ ಸ್ವಂತ ಮನೆ. ಅಕ್ಕತಂಗಿಯರಂತಿದ್ದವರು ಅವಳನ್ನು ಕಂಡರೆ ಉಗಿದು ಹೋಗುವರು. ನನ್ನ ಹೆಂಡತಿ ಮೊದಲ ದಿನವೇ ಮುದ್ದೆ ಸಾರು ಒಯ್ದಳು. ಅತ್ತೆ ಬೆರಳೂ ತಾಕಿಸಲಿಲ್ಲ. "ಉಪ್ಪಿಲ್ದಂಗೆ ಮಾಡ್ಕಂಬಾ ಕಣಮ್ಮಾ, ಉಣ್ತೀನಿ." ಅವತ್ತಿನಿಂದ ನಮ್ಮ ಒಲೆಯ ಮೇಲೆ ಎರಡು ಸಾರು, ಒಂದು ಸಪ್ಪೆ. ಅದಕ್ಕೆ ಅವಳು ತನ್ನ ಗಂಟಿನ ಉಪ್ಪು ಬೆರೆಸಿಕೊಂಡು ಉಣ್ಣುವಳು.

"ಎಲ್ಡೂ ಊರಿಗೆ ಉಪ್ಪು ತರೋನು ಅದೇ ಕತ್ತೆಯೋನು ಕಣ್ಲಾ," ಅಂತ ಒಮ್ಮೆ ನಕ್ಕಳು. "ಒಂದೇ ಚೀಲ, ಒಂದೇ ಸೇರು. ಕತ್ತೆಗೆ ಗೊತ್ತೈತೆ, ನಮಗಿಲ್ಲ."

"ಹಂಗಾದ್ರೆ ನಮ್ದೇ ಉಣ್ಣು."

"ಉಪ್ಪು ಎಲ್ಲಿಂದ ಬಂತು ಅಂತ ಅಲ್ಲ, ಯಾರ್ ಕೈಯಿಂದ ಬಂತು ಅಂತ. ಆ ಗೌಡ ಮೊದ್ಲು ಕಟ್ಟಿ ಕೊಟ್ಟನಲ್ಲ, ಆ ಕೈ ಇನ್ನೊಂದ್ಸಲ ಕೊಡಬೇಕು. ಅದ್ಕೂ ಮುಂಚೆ ರೆಡ್ಡಿ ನನ್ನ ಬುಡಬೇಕು." ಅಷ್ಟು ಹೇಳಿ ಸೊಂಟ ಮುಟ್ಟಿಕೊಂಡಳು. ಈ ಸಲ ಮುಖದಲ್ಲಿ ಠೀವಿ ಕಾಣಲಿಲ್ಲ.

ಕೊನೆಗೆ ಅವಳು ಹಾಸಿಗೆ ಹಿಡಿದಳು. ಗಂಜಿಯೂ ಇಳಿಯದಾಯಿತು. ಒಂದು ಬೆಳಗ್ಗೆ ನನ್ನ ಕೈ ಹಿಡಿದು, "ಗಿರಿಯಾ, ಸಾಯೋಕ್ ಮುಂಚೆ ನಮ್ಮೂರ ಉಪ್ಪು ತಿನ್ಬೇಕು ಕಣೋ," ಅಂದಳು. ಅದುವರೆಗೂ ಅವಳು ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ. ನಾನು ನೆಟ್ಟಗೆ ಹಳ್ಳ ದಾಟಿ ಯರ್ರಗುಟ್ಟಕ್ಕೆ ಹೋದೆ. ಕೈ ಮುರಿಯುವುದಿದ್ದರೆ ಮುರಿಯಲಿ ಅಂತ ರೆಡ್ಡಿಯ ಎದುರು ಎರಡೂ ಕೈ ಚಾಚಿ ನಿಂತು ವಿಷಯ ಹೇಳಿದೆ. ರೆಡ್ಡಿಗೂ ಮುಪ್ಪಾಗಿತ್ತು. ನನ್ನ ಕೈಗಳನ್ನು ನೋಡಿದ. ಆಮೇಲೆ ಎದ್ದು ಬಡಿಗೆ ತೆಗೆದುಕೊಂಡ.

ಯರ್ರಗುಟ್ಟದ ರೆಡ್ಡಿ ಕರೇಬಂಡೆಯೊಳಕ್ಕೆ ಬಂದದ್ದು ಅದೇ ಮೊದಲು. ನಮ್ಮ ಹುಡುಗರು ಕಲ್ಲು ಎತ್ತಿಕೊಂಡರು. ಅವನು ಯಾರನ್ನೂ ನೋಡದೆ ಕೆಮ್ಮಣ್ಣಿನ ಮನೆ ಹೊಕ್ಕು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಅತ್ತೆ ಕಣ್ಣು ತೆರೆದಳು.

"ಎಲ್ಡು ಕಾಲ್ಗೂ ಚಪ್ಲಿ ಹಾಕ್ಕಂಡ್ ಬಂದೆಯೇನೋ ರೆಡ್ಡಿ?"

ರೆಡ್ಡಿ ನಗಲಿಲ್ಲ. "ನಿನ್ನ ಬಿಟ್ಟಿದ್ದೀನಿ ಈರಕ್ಕಾ. ಮಾ ಉಪ್ಪು ತೀರಿಪೋಯಿಂದಿ," ಅಂದ. ನಮ್ಮ ಉಪ್ಪಿನ ಋಣ ತೀರಿತು ಅಂತ. ಅವಳ ಮಡಿಲಿನ ಗಂಟನ್ನು ತಾನೇ ಬಿಚ್ಚಿ ತೆಗೆದುಕೊಂಡ.

ನಾನು ಗೌಡರ ಮನೆಗೆ ಓಡಿದೆ. ಗೌಡರು ಬರುವುದಿಲ್ಲ ಅಂದರು. ಆ ಮಣ್ಣು ತುಳಿಯುವುದಿಲ್ಲ ಅಂದರು. ಉಗಿದರು, ಬೈದರು, ಜಗುಲಿ ಮೇಲೆ ಅತ್ತಿಂದಿತ್ತ ತಿರುಗಿದರು. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಒಳಗೆ ಹೋಗಿ, ಬಲಗೈ ಮುಷ್ಟಿ ಕಟ್ಟಿಕೊಂಡು ಹೊರಗೆ ಬಂದರು. ದಾರಿಯುದ್ದಕ್ಕೂ ಅವಳನ್ನು ಬೈಯುತ್ತಲೇ ನಡೆದರು. ಬಂದು ಹೊಸಿಲ ಹೊರಗೆ ನಿಂತು ಮುಷ್ಟಿಯನ್ನು ಒಳಕ್ಕೆ ಚಾಚಿದರು. ಒಳಗೆ ರೆಡ್ಡಿ, ಹೊರಗೆ ಗೌಡರು. ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ಬೈದುಕೊಂಡವರು ಮುಖಕ್ಕೆ ಮುಖ ಕೊಟ್ಟು ನಿಂತದ್ದು ಆಗಲೇ.

"ಹೋಗ್ಬುಟ್ಟಳು," ಅಂದ ರೆಡ್ಡಿ.

ಗೌಡರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಷ್ಟಿಯನ್ನೂ ಬಿಚ್ಚಲಿಲ್ಲ. ರೆಡ್ಡಿಯ ಉಪ್ಪಿನಿಂದ ಬಿಡುಗಡೆಯಾಗಿ, ನಮ್ಮ ಉಪ್ಪು ಬಾಯಿಗೆ ಬೀಳುವ ಮುಂಚೆ, ಯಾವ ಊರಿಗೂ ಸೇರದೆ ಅತ್ತೆ ಹೋಗಿಬಿಟ್ಟಿದ್ದಳು. ಯಾವ ಊರಿನ ಮಣ್ಣಿಗೆ ಇಡುವುದು? ಗಡಿಕಲ್ಲಿನ ಬುಡದಲ್ಲಿ ಗುಂಡಿ ತೋಡಿದೆವು. ಗುಂಡಿಗೆ ಉಪ್ಪು ಹಾಕುವುದು ನಮ್ಮ ಪದ್ಧತಿ. ಆಗ ಗೌಡರು ಮುಂದೆ ಬಂದು ಮುಷ್ಟಿ ಬಿಚ್ಚಿದರು. ಬೆವರಿಗೆ ಅರ್ಧ ಉಪ್ಪು ಕರಗಿ ಅಂಗೈ ಹಸಿಯಾಗಿತ್ತು. ಆ ಉಪ್ಪಿನ ಜತೆ ಹಳೆಯ ಕರೀ ಬಟ್ಟೆಯೂ ಇತ್ತು. ನಾನು ಎದೆಗವುಚಿ ತಂದುಕೊಟ್ಟ ಗಂಟು! ಅಷ್ಟು ವರ್ಷ ಆ ಮನುಷ್ಯ ಅದನ್ನು ಇಟ್ಟುಕೊಂಡೇ ಇದ್ದರು.

ಆಮೇಲೆ ರಾಯಭಾರಕ್ಕೆ ಯಾರೂ ಒಪ್ಪಲಿಲ್ಲ. ಏನಾದರೂ ಹೇಳಬೇಕಾದರೆ ಹಳ್ಳದ ಎರಡು ದಡದಲ್ಲಿ ತಾವೇ ನಿಲ್ಲಬೇಕಾಯಿತು. ನಿಂತರೆ ಬೈಗುಳ ಬಾಯಿಗೆ ಬರಬೇಡವೇ? ಈರಕ್ಕತ್ತೆಯ ಬಾಯಲ್ಲಿ ಸಲೀಸಾಗಿ ಹೋಗುತ್ತಿದ್ದ ಮಾತು ಮುಖಕ್ಕೆ ಮುಖ ಕೊಟ್ಟರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೆಮ್ಮಿ, ಮಳೆಯ ಮಾತಾಡಿ, ಎಮ್ಮೆಯ ಮಾತಾಡಿ, ವರ್ಷಗಳು ಕಳೆದ ಮೇಲೆ ಒಂದು ದಿನ ಹೆಣ್ಣಿನ ಮಾತೂ ಆಡಿದರು. ಆ ಹೆಣ್ಣು ನನ್ನ ಮಗಳು, ಗಂಡು ರೆಡ್ಡಿಯ ಮೊಮ್ಮಗ.

ಅವರಿಗೆ ಹುಟ್ಟಿದವಳೇ ಮೊನ್ನೆಯ ಕೂಸು. ತೊಟ್ಟಿಲಿಗೆ ಹಾಕಿ ಈರಕ್ಕ ಅಂತ ಕೂಗಿದೆವು. ಏನು ಗಂಟಲು ಅಂತೀರಿ ಅದರದು! ಅತ್ತರೆ ಎರಡೂ ಊರಿಗೆ ಕೇಳಿಸಬೇಕು. ಮುಷ್ಟಿಯನ್ನು ಸದಾ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ನಾನು ತಡೆಯಲಾರದೆ ಒಂದೊಂದೇ ಬೆರಳು ಬಿಡಿಸಿ ಒಳಗೆ ನೋಡುತ್ತೇನೆ. ಏನೂ ಇಲ್ಲ, ಬರೀ ಅಂಗೈ. ಆಗ ನನಗೆ ತೋಚದೆ ಹಿಂದಕ್ಕೆ ತಿರುಗಿ ನೋಡುತ್ತೇನೆ, ಸೊಂಟಕ್ಕೆ ಕೈ ಹೋಗುವ ಆ ಮುದುಕಿ ಬಾಗಿಲಲ್ಲಿ ನಿಂತಿದ್ದಾಳೇನೋ ಅಂತ.